ಮೂರನೆಯ ಪೊಟ್ಟಣ

ಆ ಮನೆಯ ಗಂಡಸರು ಹೊಸ್ತಿಲು ಎಡವಿದರೆ ಕಾಲಿಗೆ ಪೆಟ್ಟಾಯಿತೇ ಎಂದು ಯಾರೂ ಕೇಳುತ್ತಿರಲಿಲ್ಲ. ಮೊದಲು ಬಾಯಿ ಮೂಸಿ ನೋಡುತ್ತಿದ್ದರು. ಅದಕ್ಕೆ ಕಾರಣವೂ ಇತ್ತೆನ್ನಿ. ರಾಯವ್ವನ ಹಿರಿಯ ಮಗ ಜಟ್ಟೆಪ್ಪ ದಾರೂ ಕುಡಿದು ಕುಡಿದು ಕೊನೆಗೊಂದು ದಿನ, ಎಂ.ಕೆ. ಹುಬ್ಬಳ್ಳಿಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಲ್ಲುವ ರಸ್ತೆಯ ಪಕ್ಕದ ಗಟಾರದಲ್ಲಿ ಮುಖ ಕೆಳಗಾಗಿ ಬಿದ್ದು ಸತ್ತಿದ್ದ. ಗಟಾರದಲ್ಲಿದ್ದದ್ದು ಗೇಣು ನೀರು. "ಇಷ್ಟ ನೀರಾಗ ಕೋಳಿಮರಿನೂ ಸಾಯಂಗಿಲ್ಲ" ಎಂದು ಓಣಿಯವರು ಆಡಿಕೊಂಡರು. ಊರ ಬಾಯಿಗೆ ಮುಚ್ಚಳ ಎಲ್ಲಿಂದ ತರುವುದು! ಕಿರಿಯ ಮಗ ಗೌತಮ ಅಣ್ಣನಿಗೆ ಮಣ್ಣು ಕೊಟ್ಟು ಬಂದವನೇ ಬಾಬಾಸಾಹೇಬರ ಫೋಟೋದ ಮುಂದೆ ನಿಂತು ಮದ್ಯ ಮುಟ್ಟುವುದಿಲ್ಲವೆಂಬ ಪಂಚಶೀಲದ ಐದನೆಯ ಮಾತನ್ನು ಗಟ್ಟಿಯಾಗಿ ಹೇಳಿದ. ಆಮೇಲೆ ಮನೆಮಂದಿಯ ಕಡೆ ತಿರುಗಿ, "ಇನ್ನ ಮ್ಯಾಲ ಈ ಮನ್ಯಾಗ ಯಾರರ ಕುಡದ್ರ, ಅವ ನನ್ನ ಪಾಲಿಗೆ ಸತ್ತಂಗ" ಎಂದ.

ಗೌತಮ ಕಬ್ಬಿನ ಟ್ರ್ಯಾಕ್ಟರ್ ಓಡಿಸುತ್ತಾನೆ. ಹೆಂಡತಿ ಯಶೋಧಾ ಸರಕಾರಿ ಹಾಸ್ಟೆಲ್ಲಿನಲ್ಲಿ ಅಡುಗೆ ಮಾಡುತ್ತಾಳೆ. ಮಗಳು ಪೂನಮ್ ಪಿಯುಸಿ. ಮಗ ಯುವರಾಜ ಕಿತ್ತೂರಿನ ಕಾಲೇಜಿನಲ್ಲಿ ಬಿ.ಎ. ಕೊನೆಯ ವರ್ಷ, ಓದುವುದು ಅಷ್ಟಕ್ಕಷ್ಟೇ, ಆಡುವುದು ರಗ್ಬಿ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ನಾಲ್ಕೂ ತಾಲೂಕು ಜಾಲಾಡಿದರೂ ಈ ಆಟದ ಹೆಸರು ಕೇಳಿದವರು ಒಂದು ಟಂಟಂ ರಿಕ್ಷಾ ತುಂಬಲಾರರು. ಕಬಡ್ಡಿ, ಕುಸ್ತಿ ಎಂದರೆ ಜನ ಕೈಯಲ್ಲಿದ್ದ ಕುಡುಗೋಲು ಬಿಟ್ಟು ಬರುವ ಸೀಮೆ ಇದು. ಕೊಲ್ಹಾಪುರದಲ್ಲಿ ಕಲಿತು ಬಂದ ಶೀತಲ ಎಂಬ ದೈಹಿಕ ಶಿಕ್ಷಣದ ಮಾಸ್ತರರು ಕಬಡ್ಡಿ ಹುಡುಗರನ್ನೇ ಹಿಡಿದು ತಂಡ ಕಟ್ಟಿದ್ದರು. ಚೆಂಡು ತತ್ತಿಯ ಆಕಾರ. ಅದನ್ನು ಅವುಚಿಕೊಂಡು ಮುಂದಕ್ಕೆ ಓಡಬೇಕು, ಕೈಯಿಂದ ಎಸೆಯುವುದಾದರೆ ಮಾತ್ರ ಹಿಂದಕ್ಕೆ. ಎದುರಿನವರು ನಡು ಹಿಡಿದು ನೆಲಕ್ಕೆ ಕೆಡವುತ್ತಾರೆ. ಪಗಾರವಿಲ್ಲ, ಇನಾಮಿಲ್ಲ, ಬಸ್ಸಿನ ಚಾರ್ಜೂ ಕೈಯಿಂದಲೇ.

"ಮುಂದ ಓಡೂದು, ಚೆಂಡ ಹಿಂದ ಒಗಿಯೂದು! ಇದನ್ನ ಕಲಸಾಕ ಒಬ್ಬ ಮಾಸ್ತರ ಬ್ಯಾರೆ!" ಎಂದು ರಾಯವ್ವ ರೊಟ್ಟಿ ಬಡಿಯುತ್ತ ನಗುತ್ತಿದ್ದಳು.

"ಆಯಿ, ನಾ ಕರ್ನಾಟಕ ತಂಡಕ್ಕ ಆರಿಸಿ ಹೋದೆ ಅಂದ್ರ ನಿನ್ನೂ ಟಿವ್ಯಾಗ ತೋರಸ್ತಾರ."

"ನನ್ನ ಯಾಕ ತೋರಸ್ತಾರೋ ಮೂಳಾ?"

"ಹುಲಿಯ ಅಪ್ಪನ್ನ ಹಡದಾಕಿ ಇಕಿನ ಅಂತ."

ಹುಲಿಯ ಅಪ್ಪ ಗೌತಮ ಮಾತ್ರ ಪುಂಡಿಪಲ್ಯದಿಂದ ತಲೆ ಎತ್ತುತ್ತಿರಲಿಲ್ಲ. "ಕೈಕಾಲ ಮುರಕೊಂಡ ಬಾ, ಆಗ ಐತಿ ನಿನಗ" ಎಂದಷ್ಟೇ ಹೇಳಿ ಕೈ ತೊಳೆಯುತ್ತಿದ್ದ.

ಮುರಿದದ್ದು ಕೈಯೂ ಅಲ್ಲ, ಕಾಲೂ ಅಲ್ಲ. ಡಿಸೆಂಬರಿನ ಮೊದಲ ಭಾನುವಾರ ಬೆಳಗಾವಿಯಲ್ಲಿ ಪಂದ್ಯ. ಎದುರಿನವನ ನಡು ಹಿಡಿಯಲು ಯುವರಾಜ ಬಗ್ಗಿದಾಗ ಅವನ ಮೊಣಕಾಲು ಇವನ ಎಡಗಿವಿಯ ಮೇಲೆ ಬಡಿಯಿತು. ಶೀತಲ ಸರ್ ಮೈದಾನದ ಆ ತುದಿಯಲ್ಲಿ ಇನ್ನೊಬ್ಬನ ಕಾಲಿಗೆ ಪಟ್ಟಿ ಸುತ್ತುತ್ತಿದ್ದರು, ನೋಡಲಿಲ್ಲ. ತಲೆಗೆ ಪೆಟ್ಟು ಬಿದ್ದವನು ಮೂರು ವಾರ ಚೆಂಡು ಮುಟ್ಟಬಾರದು, ಡಾಕ್ಟರರಿಗೆ ತೋರಿಸದೆ ಬಯಲಿಗೆ ಬರಬಾರದು ಎಂಬುದು ಅವರ ಕಟ್ಟಪ್ಪಣೆ. ರಾಜ್ಯ ತಂಡದ ಆಯ್ಕೆಗೆ ಉಳಿದಿದ್ದದ್ದೇ ಮೂರು ವಾರ. ಯುವರಾಜ ಯಾರಿಗೂ ಹೇಳಲಿಲ್ಲ.

ಆದರೆ ಅವನ ಗೆಳೆಯನೊಬ್ಬ ಆ ವಿಡಿಯೋವನ್ನು ಸ್ಟೇಟಸ್ಸಿಗೆ ಹಾಕಿದ್ದ. ಪೂನಮ್ ಅದನ್ನು ಇಳಿಸಿಕೊಂಡು, ಹಿತ್ತಲಲ್ಲಿ ಬೂಟು ತೊಳೆಯುತ್ತಿದ್ದ ಅಣ್ಣನ ಮುಂದೆ ಹಿಡಿದಳು.

"ಅಣ್ಣಾ, ಸತ್ತಂಗ ಬಿದ್ದಿಯಲ್ಲೋ."

"ಹುಶ್! ಪೂರ್ತಿ ನೋಡ. ಎದ್ದ ಆಡೇನಿ."

"ಎದ್ದ ಹೋಗಿ ಎದುರಿನವರ ಕಡೆ ನಿಂತಿ. ನಿಮ್ಮ ಹುಡುಗೂರು ಕೈ ಹಿಡದ ಎಳಕೊಂಡ ಬಂದ್ರು. ನಿನಗ ನೆನಪೈತೇನ?"

ಯುವರಾಜನಿಗೆ ನೆನಪಿರಲಿಲ್ಲ. ಅವನು ಬೂಟು ಕೆಳಗಿಟ್ಟ. "ಪೂನಮ್, ಸರ್‌ಗೆ ಗೊತ್ತಾದ್ರ ಮೂರ ವಾರ ಹೊರಗ. ಅಪ್ಪಗ ಗೊತ್ತಾದ್ರ ಜನ್ಮಪೂರ್ತಿ ಹೊರಗ. ನನ್ನ ಆಣಿ ಐತಿ, ಯಾರ ಮುಂದೂ ಬಾಯಿ ಬಿಡಬ್ಯಾಡ."

"ಆಣಿ ಗೀಣಿ ಹಾಕಬ್ಯಾಡೋ."

"ಹಾಕಿ ಆತು."

ಹಾಕಿದ ಆಣೆಯನ್ನು ಮುರಿದರೆ ಅದು ಬಡಿಯುವುದು ಯಾರ ಮೇಲೆ ಹಾಕಿದ್ದಾರೋ ಅವರಿಗೆ. ಅಣ್ಣನ ಆಣೆ ಮುರಿದರೆ ಅಣ್ಣನಿಗೇ ಕೇಡು. ಪಿಯುಸಿಯಲ್ಲಿ ವಿಜ್ಞಾನ ಓದಿದರೇನು, ಈ ಹೆದರಿಕೆ ಪುಸ್ತಕದಿಂದ ಹೋಗುವಂಥದ್ದಲ್ಲ. ಪೂನಮ್ ಬಾಯಿ ಮುಚ್ಚಿಕೊಂಡಳು.

ಮೊದಲ ಮೂರು ದಿನ ಬರೀ ತಲೆನೋವು. ಹಣೆಗೆ ಬಟ್ಟೆ ಬಿಗಿದುಕೊಂಡು ಕಾಲೇಜಿಗೆ ಹೋಗಿ ಬಂದ. ವಾರ ತುಂಬುವ ಮೊದಲೇ ಬೇರೆ ಬೇರೆ ಕಾಣತೊಡಗಿತು. ಯಶೋಧಾ ಉಪ್ಪು ತರಲು ಕಳಿಸಿದರೆ ಅಂಗಡಿಯ ಮುಂದೆ ಸುಮ್ಮನೆ ನಿಂತು ಬರಿಗೈಯಲ್ಲಿ ಬಂದು, "ಏನ ತಾ ಅಂದಿದ್ದಿ?" ಎಂದು ಕೇಳಿದ. ಮತ್ತೆ ಕಳಿಸಿದಳು, ಮತ್ತೆ ಬರಿಗೈ. ಊಟಕ್ಕೆ ಕೂತರೆ ಶೇಂಗಾ ಚಟ್ನಿಗೆ ಮೊಸರು ಹಾಕಿಕೊಳ್ಳುವ ಬದಲು ಚರಿಗೆಯ ನೀರು ಸುರಿದುಕೊಂಡ. ಬಿಸಿಲು ಕಣ್ಣಿಗೆ ಚುಚ್ಚುತ್ತದೆಂದು ಹಾಡುಹಗಲೇ ಮುಖದ ಮೇಲೆ ಟವೆಲ್ ಎಳೆದುಕೊಂಡು ಮಲಗಿದ. ಮಾತಾಡಿಸಿದರೆ ಸಿಡುಕು.

ರಾಯವ್ವ ಇದನ್ನೆಲ್ಲ ಒಲೆಯ ಮುಂದೆ ಕೂತು ನೋಡುತ್ತಿದ್ದಳು. ಜಟ್ಟೆಪ್ಪನೂ ಹೀಗೇ ಟವೆಲ್ ಎಳೆದುಕೊಂಡು ಮಲಗುತ್ತಿದ್ದ. ಹೀಗೇ ಸಿಡುಕುತ್ತಿದ್ದ. ಒಂದು ಮಧ್ಯಾಹ್ನ ಅವನ ಆಟದ ಚೀಲ ಬಿಚ್ಚಿ ಅಂಗಿ ತೆಗೆದು ಮೂಸಿದಳು. ಆಟಗಾರರು ಮೈನೋವಿಗೆ ಸ್ಪ್ರೇ ಹೊಡೆದುಕೊಳ್ಳುತ್ತಾರಲ್ಲ, ಅದರ ಸ್ಪಿರಿಟ್ ವಾಸನೆ ಮೂಗಿಗೆ ಅಡರಿತು. ಈಚಲ ಮರದ ಕೆಳಗೆ ಕೂತವನು ಮಜ್ಜಿಗೆ ಕುಡಿದರೂ ಅಷ್ಟೇ!

"ಯಶೋಧಾ, ಬಾ ಇಲ್ಲೆ. ಮೂಸ ಇದನ್ನ."

ಯಶೋಧಾ ಮೂಸಿದಳು. ಅವಳ ಮುಖದ ಬಣ್ಣ ಇಳಿಯಿತು. "ಇದು ನೋವಿನ ಔಷಧ ಇರಬೇಕ ಅತ್ತಿ."

"ಜಟ್ಟೆಪ್ಪನ ಹೇಣ್ತಿನೂ ಹಿಂಗ ಅಂತಿದ್ಲು. ಹಲ್ಲಿನ ಔಷಧ ಅಂತಿದ್ಲು, ಕೆಮ್ಮಿನ ಔಷಧ ಅಂತಿದ್ಲು."

"ನನ್ನ ಮಗ ಅಂಥಾಂವ ಅಲ್ರಿ."

"ನನ್ನ ಮಗನೂ ಅಂಥಾಂವ ಅಲ್ಲ ಆಗಿದ್ದ, ಆಗೂಮಟಾ."

ಯಶೋಧಾ ಅಂಗಿಯನ್ನು ಬಕೆಟ್ಟಿನಲ್ಲಿ ಅದ್ದಿ, ಸೋಪು ಹಚ್ಚಿ, ಅದು ತನ್ನ ವೈರಿಯೇನೋ ಎಂಬಂತೆ ಕಲ್ಲಿಗೆ ಬಡಿದಳು. "ಇವರ ಕಿವಿಗೆ ಬಿತ್ತಂದ್ರ ಮನಿ ಹೊರಗ ಹಾಕ್ತಾರ ಅತ್ತಿ" ಎಂದು ಅಳತೊಡಗಿದಳು.

"ಬೀಳೂಕಿಂತ ಮೊದಲ ಬಿಡಸೂಣು. ನಾ ಜಟ್ಟೆಪ್ಪಗ ತಡಾ ಮಾಡಿದ್ನಿ. ಇವಗ ಮಾಡಂಗಿಲ್ಲ."

ಮನೋಳಿಯ ಆಚೆ ಮಲಪ್ರಭೆಯ ದಂಡೆಯ ಹಳ್ಳಿಯೊಂದರಲ್ಲಿ ಶಟ್ಟೆವ್ವ ಎಂಬ ಮುದುಕಿ ಕುಡಿತ ಬಿಡಿಸುವ ಬೇರಿನ ಪುಡಿ ಕೊಡುತ್ತಾಳೆಂದು ಹಾಸ್ಟೆಲ್ಲಿನ ಅಡುಗೆಯವರು ಹೇಳಿದ್ದರು. ಅತ್ತೆ ಸೊಸೆ ಗೌತಮನಿಗೆ ಎಲ್ಲಮ್ಮನ ಗುಡ್ಡಕ್ಕೆ ಹೋಗಿ ಬರುತ್ತೇವೆಂದು ಸುಳ್ಳು ಹೇಳಿದರು.

"ಆ ಗುಡ್ಡಾ ಏರಿ ಏರಿ ನಮ್ಮ ಮಂದಿ ಮೊಣಕಾಲ ಸವದಾವು, ಬಾಳೇನ ಸುಧಾರಿಸಿಲ್ಲ" ಎಂದು ಗೌತಮ ಗೊಣಗಿದ. ಬೇಡ ಎನ್ನಲಿಲ್ಲ.

ಬೈಲಹೊಂಗಲದಲ್ಲಿ ಬಸ್ಸು ಬದಲಿಸಿ, ಸವದತ್ತಿ ದಾಟಿ, ಕೊನೆಗೆ ನಡೆದು ಹೋಗಿ ಶಟ್ಟೆವ್ವನ ಅಂಗಳ ಮುಟ್ಟಿದರು. ಅಲ್ಲಿ ಇವರಂಥ ಹೆಂಗಸರೇ ಸಾಲಾಗಿ ಕೂತಿದ್ದರು, ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಶಟ್ಟೆವ್ವ ಮೂರು ಪೊಟ್ಟಣ ಕೊಟ್ಟಳು.

"ವಾರಕ್ಕೊಂದು, ಮಂಗಳವಾರ, ಮಜ್ಜಿಗ್ಯಾಗ ಕಲಸಿ ಕೊಡ್ರಿ. ಅವಗ ಗೊತ್ತಾಗಬಾರದು, ಗೊತ್ತಾದ್ರ ಹತ್ತಂಗಿಲ್ಲ. ಕುಡಿಯಾಂವ ಇದ್ರ ವಾಂತಿ ಆಕ್ಕೈತಿ. ಕುಡೀದಾಂವಗ ಸಕ್ರಿ ತಿಂದಂಗ, ಏನೂ ಆಗಂಗಿಲ್ಲ. ಇನ್ನೊಂದ ಮಾತ ಕೇಳ್ರಿ, ಅರ್ಧಕ್ಕ ಬಿಟ್ರ ತಿರುಗಿ ಬಡೀತೈತಿ. ಮೂರೂ ಮುಗಿಯೂಮಟಾ ದವಾಖಾನಿ ಗುಳಿಗಿ ಮುಟ್ಟಸಬ್ಯಾಡ್ರಿ. ಎರಡೂ ಕೂಡಿದ್ರ ಜೀವಕ್ಕ ಅಪಾಯ."

ಯಶೋಧಾಗೆ ಒಳಗೊಳಗೇ ಒಂದು ಆಸೆ ಹುಟ್ಟಿತು. ಮಗ ಕುಡಿಯದಿದ್ದರೆ ವಾಂತಿಯಾಗುವುದಿಲ್ಲವಲ್ಲ! ಮಂಗಳವಾರ ತಾನೇ ಮಜ್ಜಿಗೆ ಕಡೆದು, ಜೀರಿಗೆ ಹಾಕಿ, ಪುಡಿ ಕಲಸಿ ಕೊಟ್ಟಳು. ಯುವರಾಜ, "ಕಹಿ ಆಗೇತವ್ವಾ" ಎಂದರೂ ಕುಡಿದ. ಅವಳು ಬಾಗಿಲ ಹಿಂದೆ ನಿಂತು, ದೇವರೇ ಏನೂ ಆಗದಿರಲಿ, ಏನೂ ಆಗದಿರಲಿ ಎನ್ನುತ್ತಿದ್ದಳು. ಅನ್ನ ಬೇಯುವಷ್ಟರಲ್ಲಿ ಅವನು ಬಚ್ಚಲಿಗೆ ಓಡಿ ಕರುಳು ಕಿತ್ತು ಬರುವಂತೆ ಕಾರಿಕೊಂಡ. ಯಶೋಧಾ ಮಗನ ಹಣೆ ಹಿಡಿದು ಗೋಳೋ ಎಂದು ಅತ್ತಳು.

"ಯಾಕವ್ವಾ ಅಳತಿ? ಏನೋ ತಿಂದದ್ದ ಕೂಡಿಲ್ಲ" ಎಂದ ಮಗ.

"ಸುಳ್ಳ ಹೇಳಬ್ಯಾಡೋ ಯಪ್ಪಾ, ಸುಳ್ಳ ಹೇಳಬ್ಯಾಡ!"

ರಾಯವ್ವ ಸೊಸೆಯನ್ನು ಒಳಗೆ ಕರೆದು ಪಿಸುಗುಟ್ಟಿದಳು: "ಕಂಡ್ಯಾ? ನಾ ಅಂದಿದ್ನಿಲ್ಲೋ?" ತಾನು ಹೇಳಿದ್ದು ನಿಜವಾಯಿತೆಂದು ಅವಳಿಗೇನೂ ಸಂತೋಷವಾಗಲಿಲ್ಲ.

ಎರಡನೆಯ ಮಂಗಳವಾರವೂ ಅಷ್ಟೇ. ಆದರೆ ಈ ಸಲ ವಾಂತಿ ಬುಧವಾರವೂ ನಿಲ್ಲಲಿಲ್ಲ, ಗುರುವಾರವೂ ನಿಲ್ಲಲಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ತಲೆ ಹಿಡಿದುಕೊಂಡು ಬಚ್ಚಲಿಗೆ ಓಡುತ್ತಿದ್ದ. ಯಶೋಧಾ ಗಾಬರಿಯಾಗಿ ದವಾಖಾನೆಗೆ ಹೋಗೋಣವೆಂದರೆ ರಾಯವ್ವ ಅಡ್ಡ ನಿಂತಳು.

"ಒಳಗಿಂದೆಲ್ಲಾ ಹೊರಗ ಬರಾಕತ್ತೈತಿ. ಈಗ ಗುಳಿಗಿ ನುಂಗಿಸಿ ಕೊಲ್ಲತೀಯೇನ? ಶಟ್ಟೆವ್ವ ಏನ ಹೇಳ್ಯಾಳ ಕೇಳಿಲ್ಲೇನ?"

ಅತ್ತ ಪೂನಮ್‌ಗೆ ಈ ಪುಡಿಯ ಸುದ್ದಿ ಗೊತ್ತಿಲ್ಲ. ಅಣ್ಣ ವಾಂತಿ ಮಾಡಿದಾಗಲೆಲ್ಲ ಅವಳಿಗೆ ಆ ಮೊಣಕಾಲು ಕಣ್ಮುಂದೆ ಬರುತ್ತಿತ್ತು. ಇತ್ತ ಅವ್ವನಿಗೆ, ಅಜ್ಜಿಗೆ ಆ ಪೆಟ್ಟಿನ ಸುದ್ದಿ ಗೊತ್ತಿಲ್ಲ. ಒಂದೇ ಸೂರಿನ ಕೆಳಗೆ, ಒಂದೇ ಬುಟ್ಟಿಯ ರೊಟ್ಟಿ ಮುರಿಯುತ್ತ, ಎಲ್ಲರೂ ಹೆದರಿಕೊಂಡಿದ್ದರು. ಒಬ್ಬರಾದರೂ ಬಾಯಿ ಬಿಡಬಾರದೇ!

ಶುಕ್ರವಾರ ಬೆಳಿಗ್ಗೆ ಗೌತಮ ಕಬ್ಬು ಇಳಿಸಿ ಮನೆಗೆ ಬಂದ. ಮಗ ಬಚ್ಚಲಿನಿಂದ ಗೋಡೆ ಹಿಡಿದುಕೊಂಡು ಬರುತ್ತಿದ್ದ. ಬಲಗಾಲು ಎಳೆಯುತ್ತಿತ್ತು. ಹೊಸ್ತಿಲು ಎಡವಿದ.

"ಏನೋ ಇದು?" ಎಂದ ಗೌತಮ.

ಯಶೋಧಾ ಸೆರಗು ಬಾಯಿಗೆ ಒತ್ತಿಕೊಂಡಳು. ಆ ಸೆರಗೇ ಎಲ್ಲವನ್ನೂ ಹೇಳಿಬಿಟ್ಟಿತು.

"ಎಷ್ಟ ದಿನದಿಂದ ನಡದೈತಿ? ಏ, ನಿನಗ ಕೇಳಾಕತ್ತೇನಿ! ಎಷ್ಟ ದಿನದಿಂದ ಕುಡ್ಯಾಕತ್ತಿ?"

ಯುವರಾಜ ಕಣ್ಣು ಕಿರಿದು ಮಾಡಿ ಅಪ್ಪನನ್ನು ನೋಡಿದ. "ನಾ... ಕುಡ... ಕುಡದಿಲ್ಲಪ್ಪಾ" ಎಂದ. ನಾಲಿಗೆ ತೊದಲುತ್ತಿತ್ತು. ಕುಡಿದಿಲ್ಲ ಎಂಬ ಮಾತನ್ನೇ ಅವನು ಥೇಟ್ ಕುಡುಕನಂತೆ ಹೇಳಿದ. ಗೌತಮ ಕೈ ಎತ್ತಿ ಕಪಾಳಕ್ಕೆ ಬಿಗಿದ. ತಲೆ ಗೋಡೆಗೆ ಹೋಗಿ ಬಡಿಯಿತು. ಪೂನಮ್ ಒಳಗಿನಿಂದ ಚೀರಿದಳು: "ತಲಿಗೆ ಬಡೀಬ್ಯಾಡಪ್ಪಾ! ತಲಿಗೆ ಬ್ಯಾಡ!"

"ತಲಿ ಇದ್ರ ಅಲ್ಲೇನ ಬಡಿಯೂದು" ಎಂದು ಗೌತಮ ಟವೆಲ್ ಕೊಡವಿಕೊಂಡು, ಉಣ್ಣದೇ ಮತ್ತೆ ಟ್ರ್ಯಾಕ್ಟರಿಗೆ ಹೋದ. ದಾರಿಯುದ್ದಕ್ಕೂ ಅವನಿಗೆ ಅಣ್ಣನ ಊದಿದ ಮುಖವೇ ಕಾಣುತ್ತಿತ್ತು.

ಮರುದಿನ ಸಂಜೆ ಶೀತಲ ಸರ್ ಬೈಕಿನಲ್ಲಿ ಬಂದರು. ಒಂದು ವಾರದಿಂದ ಹುಡುಗ ಬಯಲಿಗೆ ಬಂದಿಲ್ಲ, ಆಯ್ಕೆ ಹತ್ತಿರ ಬಂತು, ಏನು ಸಮಾಚಾರ ಎಂದು ಕೇಳಲು. ಗೌತಮ ಕಟ್ಟೆಯ ಮೇಲಿದ್ದ. ಕುಳ್ಳಿರಿ ಎಂದು ಕೂಡ ಹೇಳಲಿಲ್ಲ.

"ಆಟ ಕಲಸ್ತೀರೋ, ಕುಡ್ಯೂದ ಕಲಸ್ತೀರೋ ಸರ್ ನೀವು?"

"ಯುವರಾಜ? ಅವ ಚಹಾನೂ ಕುಡಿಯೂ ಹುಡುಗ ಅಲ್ರಿ!" ಶೀತಲ ಸರ್ ಗಾಬರಿಯಾಗಿ ಒಳಗೆ ಇಣುಕಿದರು. ಯುವರಾಜ ಚಾಪೆಯ ಮೇಲೆ ಕೂತಿದ್ದ. "ಏನಾಗೇತೋ? ಮಾರಿ ಯಾಕ ಹಿಂಗೈತಿ? ತಲಿಗೆ ಏನರ ಪೆಟ್ಟ ಬಿದ್ದಿತ್ತೇನ?"

ಪೂನಮ್ ಬಾಗಿಲ ಸಂದಿಯಲ್ಲಿ ನಿಂತಿದ್ದಳು. ಈಗ ಹೇಳಬೇಕು. ಈಗಲೇ ಹೇಳಬೇಕು. ಯುವರಾಜ ಬಹಳ ಕಷ್ಟದಿಂದ ತಲೆ ಎತ್ತಿ ಮಾಸ್ತರರನ್ನಲ್ಲ, ತಂಗಿಯನ್ನು ನೋಡಿದ. "ಇಲ್ರಿ ಸರ್, ಜ್ವರ" ಎಂದ.

"ದವಾಖಾನಿಗೆ ಕರಕೊಂಡ ಹೋಗೂಣೇನ್ರಿ? ನನ್ನ ಗೆಳ್ಯಾಂದ ಕಾರ ಐತಿ."

"ಬ್ಯಾಡ್ರಿ" ಎಂದು ಮೂವರು ಒಟ್ಟಿಗೇ ಹೇಳಿದರು. ರಾಯವ್ವ ಪುಡಿಗೆ ಹೆದರಿ, ಯಶೋಧಾ ಓಣಿಗೆ ಹೆದರಿ, ಯುವರಾಜ ಆಯ್ಕೆ ತಪ್ಪೀತೆಂದು ಹೆದರಿ. ಶೀತಲ ಸರ್ ಅರ್ಧಮನಸ್ಸಿನಿಂದ ಬೈಕು ತಿರುಗಿಸಿದರು.

ಮೂರನೆಯ ಮಂಗಳವಾರ ಬೆಳಿಗ್ಗೆ ಯುವರಾಜ ಏಳಲಿಲ್ಲ. ಕಣ್ಣು ಅರೆತೆರೆದಿದ್ದವು, ಕರೆದರೆ ಹೂಂ ಎನ್ನುತ್ತಿದ್ದ, ಅಷ್ಟೇ. ಬಲಗೈ ಎತ್ತಿ ಬಿಟ್ಟರೆ ದೊಪ್ಪೆಂದು ಬೀಳುತ್ತಿತ್ತು. ಹಾಸಿಗೆ ಒದ್ದೆಯಾಗಿತ್ತು. ಯಶೋಧಾ ಅವನ ಕೆನ್ನೆ ತಟ್ಟಿ ತಟ್ಟಿ ಕರೆಯುತ್ತಿದ್ದಳು.

"ಅತ್ತಿ, ಇದು ಕುಡಿತ ಅಲ್ರಿ. ಮನಿ ಬಿಟ್ಟ ಹೊರಗ ಹೋಗಿಲ್ಲ, ಎಲ್ಲಿಂದ ಕುಡೀತಾನ?"

"ಒಂದ ಪೊಟ್ಣ ಉಳದೈತಿ. ಅರ್ಧಕ್ಕ ಬಿಟ್ರ ತಿರುಗಿ ಬಡೀತೈತಿ ಅಂದಾಳ." ರಾಯವ್ವ ಅಳುತ್ತಲೇ ಮಜ್ಜಿಗೆಗೆ ಪುಡಿ ಸುರಿದು ಚಮಚದಿಂದ ತಿರುವುತ್ತಿದ್ದಳು. "ಇದೊಂದ ಇಳದ್ರ ನನ್ನ ಕೂಸ ಎದ್ದ ಕೂಡ್ತೈತಿ."

ಪೂನಮ್ ಲೋಟವನ್ನೂ ಅಜ್ಜಿಯನ್ನೂ ನೋಡಿದಳು. "ಏನದು ಆಯಿ?"

ಇನ್ನು ಮುಚ್ಚಿಡುವುದೇನು? ಯಶೋಧಾ ಹೇಳಿದಳು. ಶಟ್ಟೆವ್ವ, ಮಂಗಳವಾರ, ವಾಂತಿ, ಎಲ್ಲವನ್ನೂ. ಪೂನಮ್ ಲೋಟಕ್ಕೆ ಕೈ ಅಡ್ಡ ಹಿಡಿದಳು. "ಅದರಿಂದ ವಾಂತಿ ಆಗೇತಿ ಅಂತ ಕುಡುಕ ಅಂದ್ರೇನ? ಆಯಿ, ಯಾರ ತಿಂದ್ರೂ ವಾಂತಿ ಆಕ್ಕೈತಿ ಅದು!"

"ಕುಡೀದಾಂವಗ ಆಗಂಗಿಲ್ಲ ಅಂತ ಬಾಯಿಬಿಟ್ಟ ಹೇಳ್ಯಾಳ."

"ನೀ ಜನ್ಮದಾಗ ಕುಡದಿಯೇನ?"

"ಥೂ ಮೂಳೀ! ಹಿರೇ ಮಗನ್ನ ಅದಕ್ಕ ಕೊಟ್ಟಾಕಿ ನಾ. ಅದರ ಹನಿ ನನ್ನ ತುಟಿಗೆ ಹತ್ತಿಲ್ಲ!"

"ಹಂಗಾದ್ರ ನೀ ಕುಡಿ. ನಿನಗೇನೂ ಆಗಲಿಲ್ಲ ಅಂದ್ರ ನಾನ ಅಣ್ಣಗ ಕುಡಸ್ತೇನಿ."

ರಾಯವ್ವ ಮೊಮ್ಮಗಳನ್ನು ದುರುಗುಟ್ಟಿ ನೋಡಿದಳು. ಆಮೇಲೆ, "ನೋಡ ಮತ್ತ" ಎಂದು ಲೋಟ ಎತ್ತಿ ಗಟಗಟ ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು, ಗೋಡೆಗೆ ಒರಗಿ ಕಾಲು ಮಡಚಿ ಕೂತಳು. ಸ್ವಲ್ಪ ಹೊತ್ತಿಗೆ ಮುದುಕಿಯ ಹಣೆಯ ಮೇಲೆ ಬೆವರು ಮೂಡಿತು. ಅವಳು ಹೊಟ್ಟೆ ಹಿಡಿದುಕೊಂಡಳು. ಎದ್ದು ಬಚ್ಚಲವರೆಗೂ ಹೋಗಲಾರದೆ, ಅಂಗಳದ ತೊಲೆಗಂಬ ಹಿಡಿದುಕೊಂಡೇ ಕಾರತೊಡಗಿದಳು.

"ನಾ ಕುಡದಿಲ್ಲವಾ..." ಎಂದಳು ನಡುನಡುವೆ ಉಸಿರೆಳೆದುಕೊಂಡು, "ಯವ್ವಾ, ನನ್ನಾಣಿ, ನಾ ಕುಡದಿಲ್ಲ."

ಯಶೋಧಾ ಮಗಳ ರಟ್ಟೆ ಹಿಡಿದು ತನ್ನ ಕಡೆ ತಿರುಗಿಸಿದಳು. "ಹಂಗಾದ್ರ ಇವಗ ಏನಾಗೇತಿ? ನಿನಗ ಗೊತ್ತೈತಿ. ಅವತ್ತ ತಲಿಗೆ ಬ್ಯಾಡ ಅಂತ ಚೀರಿದ್ದಿ. ಹೇಳ!"

"ಆಣಿ ಹಾಕ್ಯಾನ. ಮುರದ್ರ ಅಣ್ಣ ಸಾಯ್ತಾನವ್ವಾ."

"ಮುರೀದಿದ್ರೂ ಸಾಯಾಕತ್ತಾನ, ಹೇಳ!"

ಪೂನಮ್ ಮೊಬೈಲು ತೆಗೆದು ಅವ್ವನ ಕೈಗೆ ಕೊಟ್ಟಳು. ಯಶೋಧಾ ವಿಡಿಯೋವನ್ನು ಪೂರ್ತಿ ನೋಡಲಿಲ್ಲ. ಮೊಣಕಾಲು ಬಡಿದು ಮಗ ನೆಲಕ್ಕೆ ಬಿದ್ದದ್ದೇ ಸಾಕಾಯಿತು.

ಪೂನಮ್ ಫೋನು ಮಾಡಿದ್ದೇ ತಡ, ಶೀತಲ ಸರ್ ಗೆಳೆಯನ ಕಾರು ತಂದರು. ಗೌತಮ ಕಬ್ಬಿನ ಟ್ರ್ಯಾಕ್ಟರುಗಳ ಸಾಲಿನಲ್ಲಿದ್ದ. ಫೋನಿನಲ್ಲಿ ಮಗಳ ಮಾತು ಕೇಳಿದವನೇ ತುಂಬಿದ ಟ್ರ್ಯಾಕ್ಟರನ್ನು ಸಾಲಿನ ನಟ್ಟನಡುವೆ ಬಿಟ್ಟು ಹೆದ್ದಾರಿಗೆ ಓಡಿದ. ಹಿಂದಿನವರೆಲ್ಲ ಹಾರ್ನ್ ಬಾರಿಸಿ ಬಾಯಿಗೆ ಬಂದಂತೆ ಬೈದರು. ಕಾರಿನಲ್ಲಿ ಮಗನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಧಾರವಾಡ ದಾಟಿ ಹುಬ್ಬಳ್ಳಿಯ ದೊಡ್ಡ ದವಾಖಾನೆ ಬರುವತನಕ ಗೌತಮ ಅವನ ಮೂಗಿನ ಹತ್ತಿರ ಬೆರಳು ಹಿಡಿದೇ ಇದ್ದ, ಉಸಿರು ಬರುತ್ತಿದೆಯೇ ಎಂದು. ಮೊದಲಾದರೆ ಬಾಯಿ ಮೂಸುತ್ತಿದ್ದರು.

ತಲೆಯ ಫೋಟೋ ತೆಗೆಸಿ ನೋಡಿದ ಡಾಕ್ಟರು ವಯಸ್ಸಿನಲ್ಲಿ ಚಿಕ್ಕವರು, ಮಾತಿನಲ್ಲಿ ಚುರುಕು. "ಮಿದುಳಿನ ಮೇಲೆ ರಕ್ತ ಸೋರಿ ಸೋರಿ ಕೂಡೇತ್ರಿ. ಮೂರು ವಾರದಿಂದ ಆಗಾಕತ್ತೈತಿ. ತಲಿ ತೂತು ಮಾಡಿ ತೆಗೀಬೇಕು, ಈಗಿಂದೀಗ. ವಾಂತಿ ಆದಾಗ ಯಾಕ ತರಲಿಲ್ಲ?"

"ವಾಂತಿ ನಾವ ಮಾಡಸಾಕತ್ತೇವಿ ಅಂತ ತಿಳಕೊಂಡಿದ್ವಿರಿ" ಎಂದಳು ರಾಯವ್ವ. ಅವಳಿಗೆ ಇನ್ನೂ ನಿಲ್ಲಲು ತ್ರಾಣವಿರಲಿಲ್ಲ, ನೆಲದ ಮೇಲೆ ಕೂತೇ ಹೇಳಿದಳು. ಡಾಕ್ಟರಿಗೆ ಅರ್ಥವಾಗಲಿಲ್ಲ. ಪೂನಮ್ ಬಿಡಿಸಿ ಹೇಳಿದ ಮೇಲೆ ಅವರು, "ಬೆಳಗಾವಿಯೊಳಗ ಬಿದ್ದ ಪೆಟ್ಟ ಅಲ್ಲದ ಮತ್ತೇನರ ತಲಿಗೆ ಬಡದೈತೇನ್ರಿ?" ಎಂದು ಕೇಳಿದರು.

ಪೂನಮ್ ಅವ್ವನನ್ನು ನೋಡಿದಳು. ಯಶೋಧಾ ನೆಲ ನೋಡಿದಳು. ಗೌತಮ ತಾನಾಗಿ ಬಾಯಿ ಬಿಡದಿದ್ದರೆ ಅವರ್ಯಾರೂ ಹೇಳುತ್ತಿರಲಿಲ್ಲ.

"ನಾ ಹೊಡದೇನ್ರಿ" ಎಂದ ಗೌತಮ. "ಶುಕ್ರವಾರ. ತಲಿ ಗ್ವಾಡಿಗೆ ಬಡೀತು. ಅದರಿಂದನ ಹಿಂಗಾತೇನ್ರಿ?"

"ಅದನ್ನ ಹೇಳಾಕ ಬರಂಗಿಲ್ರಿ. ಮೊದಲ ಸೋರಾಕತ್ತಿತ್ತು. ಹೆಚ್ಚಾತೋ ಇಲ್ಲೋ, ಯಾರಿಗೆ ಗೊತ್ತು."

ಇನ್ನೂ ಏನೋ ಹೇಳುತ್ತಾರೆಂದು ಗೌತಮ ಕಾದ. ಡಾಕ್ಟರು ಒಳಗೆ ಹೋದರು.

ಬಾಗಿಲ ಹೊರಗೆ ಎಲ್ಲರೂ ಕೂತರು. ಶೀತಲ ಸರ್ ತಂದ ಇಡ್ಲಿ ಪೊಟ್ಟಣದಲ್ಲೇ ತಣ್ಣಗಾದವು. "ನಾ ನೋಡಬೇಕಾಗಿತ್ತು. ಆ ತುದಿಯೊಳಗ ಇದ್ನಿ" ಎಂದು ಅವರು ಮತ್ತೆ ಮತ್ತೆ ಹೇಳುತ್ತಿದ್ದರು. ಗೌತಮ ಒಮ್ಮೆ ಅವರ ಕಡೆ ಕಣ್ಣು ಕೆಂಪಗೆ ಮಾಡಿ ಎದ್ದ. ಎದ್ದವನು, "ಕುಂದರ್ರಿ ಸರ್, ನಿಂತ ಏನ ಮಾಡತೀರಿ" ಎಂದು ತಾನೇ ಕೂತುಬಿಟ್ಟ. ಪೂನಮ್ ಮೂಲೆಯಲ್ಲಿ ಮುದುಡಿಕೊಂಡು ಕೂತಿದ್ದಳು. ತಾನು ಆಣೆ ಮುರಿದದ್ದರಿಂದ ಅಣ್ಣ ಸತ್ತರೆ? ಮುರಿಯಲು ತಡ ಮಾಡಿದ್ದರಿಂದ ಸತ್ತರೆ? ಹುಡುಗಿಗೆ ಎರಡೂ ಕಡೆ ದಾರಿ ಇರಲಿಲ್ಲ. ರಾಯವ್ವ ಅವಳನ್ನು ಹತ್ತಿರ ಎಳೆದುಕೊಂಡಳು. "ನಿನ್ನ ಆಣಿ ಗೀಣಿ ಎಲ್ಲಾ ನನ್ನ ಮ್ಯಾಲ ಬೀಳಲಿ. ಉಂಡು ಉಟ್ಟು ಆದ ಜೀವಾ ಇದು" ಎಂದಳು.

ಯುವರಾಜ ಸಾಯಲಿಲ್ಲ. ಎರಡು ದಿನ ಯಾರನ್ನೂ ಒಳಗೆ ಬಿಡಲಿಲ್ಲ. ಮೂರನೆಯ ದಿನ ನರ್ಸ್ ಬಂದು, ಕಣ್ಣು ಬಿಟ್ಟಿದ್ದಾನೆ, ಮಾತು ನಿಧಾನ, ಬಲಗೈ ಇನ್ನೂ ಸ್ವಾಧೀನಕ್ಕೆ ಬಂದಿಲ್ಲ, ಬರಬಹುದು, ಒಬ್ಬೊಬ್ಬರಾಗಿ ಹೋಗಿ, ಹೆಚ್ಚು ಮಾತಾಡಿಸಬೇಡಿ ಎಂದಳು. ಯಶೋಧಾ ಹೋಗಿ ಬಂದಳು. ಅವ್ವಾ ಅಂದ ಎಂದು ಹೇಳಿ ಅಲ್ಲೇ ಕುಸಿದು ಕೂತಳು. ರಾಯವ್ವ ಹೋಗಿ ಬಂದಳು. ಪೂನಮ್‌ಗೆ ಅವನು, "ಆಯ್ಕೆ ಆತೇನ?" ಎಂದು ಕೇಳಿದನಂತೆ. ಆಗಿ ಹೋಗಿತ್ತು, ಇವನಿಲ್ಲದೆ. ಪೂನಮ್, "ಇನ್ನೂ ಐತಿ, ಮಲಕೋ" ಎಂದು ಸುಳ್ಳು ಹೇಳಿ ಹೊರಗೆ ಬಂದಳು.

ಕೊನೆಗೆ ಗೌತಮ ಹೋದ.

ಮಗನ ತಲೆ ಬೋಳಿಸಿ ಬಿಳಿ ಪಟ್ಟಿ ಸುತ್ತಿದ್ದರು. ಮುಖ ಎಷ್ಟು ಚಿಕ್ಕದಾಗಿತ್ತೆಂದರೆ, ಅವನು ಮೊದಲ ಸಲ ಶಾಲೆಗೆ ಹೋದ ದಿನದ ಮುಖ ಗೌತಮನಿಗೆ ಥಟ್ಟನೆ ನೆನಪಾಯಿತು. ಯುವರಾಜ ಕಣ್ಣು ಮುಚ್ಚಿಕೊಂಡಿದ್ದ. ಹೊದಿಕೆ ಎದೆಯಿಂದ ಜಾರಿತ್ತು. ಗೌತಮ ಹತ್ತಿರ ಹೋಗಿ ಹೊದಿಕೆ ಸರಿಮಾಡಿ, ಪಟ್ಟಿಯ ಕೆಳಗೆ ಕಾಣುತ್ತಿದ್ದ ಹಣೆಯನ್ನು ಮುಟ್ಟಬೇಕೆಂದು ಕೈ ಎತ್ತಿದ.

ಅಷ್ಟರಲ್ಲಿ ಹುಡುಗ ಕಣ್ಣು ಬಿಟ್ಟ. ಎತ್ತಿದ ಕೈಯನ್ನು ನೋಡಿದ. ಸ್ವಾಧೀನದಲ್ಲಿದ್ದ ಒಂದೇ ಒಂದು ಕೈಯನ್ನು, ಎಡಗೈಯನ್ನು, ಅಡ್ಡ ತಂದು ತಲೆಯ ಮೇಲೆ ಇಟ್ಟುಕೊಂಡು ಗೋಡೆಯ ಕಡೆ ಮುಖ ತಿರುಗಿಸಿದ.

"ಬಡೀಬ್ಯಾಡಪ್ಪಾ" ಎಂದ, ಒಂದೊಂದೇ ಮಾತು ಹುಡುಕಿ ತೆಗೆಯುತ್ತ. "ನಾ ಕುಡದಿಲ್ಲ."

"ಗೊತ್ತೈತಪ್ಪಾ" ಎಂದ ಗೌತಮ. "ಗೊತ್ತೈತಿ. ನಾ ಬಡಿಯಂಗಿಲ್ಲ."

ಅವನು ತನ್ನ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಸ್ಟೂಲಿನ ಮೇಲೆ ಕೂತ. ಮಗನಿಗೆ ಕಾಣುವಂತೆ, ಆದಷ್ಟು ದೂರ ಸರಿದು ಕೂತ. ನರ್ಸ್ ಬಂದು ಹೊತ್ತಾಯಿತು, ಏಳಿ ಎನ್ನುವತನಕ ಅಲ್ಲಾಡದೆ ಕೂತೇ ಇದ್ದ. ಯುವರಾಜ ತಲೆಯ ಮೇಲಿನ ಕೈ ತೆಗೆಯಲಿಲ್ಲ.